ತೋಟ ದಾನವಾಗಿ ಬಂದೀತು, ಜುಲೈ ತಿಂಗಳ ಸಂಬಳ ಎಲ್ಲಿಂದ?

ಪ್ರಶ್ನೆ: ನಮ್ಮದು ಶಿವಮೊಗ್ಗದ ಒಂದು ಸಣ್ಣ ಪ್ರೊಟೆಸ್ಟೆಂಟ್ ಸಭೆ. ಬಾಳೆಹೊನ್ನೂರಿನ ಕಡೆ ಕಾಡಿನಂಚಿನಲ್ಲಿರುವ ಐದು ಎಕರೆ ಕಾಫಿ ತೋಟವನ್ನೂ ಅದರೊಳಗಿನ ಹಳೆಯ ಹೆಂಚಿನ ಮನೆಯನ್ನೂ ಸಭೆಯ ಹಿರಿಯರೊಬ್ಬರು ದಾನ ಕೊಡುತ್ತೇನೆ ಅನ್ನುತ್ತಿದ್ದಾರೆ. ಅಲ್ಲಿ ಸಂಡೆ ಸ್ಕೂಲ್ ಮಕ್ಕಳಿಗೆ ಶಿಬಿರ, ಯುವಜನರಿಗೆ ಮತ್ತು ದಂಪತಿಗಳಿಗೆ ಧ್ಯಾನಕೂಟ ನಡೆಸುವ ಆಸೆ ನಮ್ಮದು. ಬಡವರೂ ಬರುವಂತೆ ಶುಲ್ಕ ಕಡಿಮೆಯಿಟ್ಟು, ಉಳಿದದ್ದನ್ನು ಕಾಣಿಕೆಯಿಂದ ತೂಗಿಸಬಹುದೇ? ಅಮೆರಿಕದಲ್ಲಿರುವ ನಮ್ಮವರು ಹಣ ಕಳಿಸಲು ಸಿದ್ಧರಿದ್ದಾರೆ. ಎಲ್ಲಿಂದ ಶುರುಮಾಡಬೇಕು? ದಾನಿಗಳ ಹೆಸರಿನ ಫಲಕ ಹಾಕಿಸುವುದು ಸರಿಯೇ?

ಉತ್ತರ: ಜಮೀನು ಕೊಡುವವರು ಸಿಗುತ್ತಾರೆ. ಕಟ್ಟಡಕ್ಕೆ ಕೊಡುವವರು ಇನ್ನೂ ಬೇಗ ಸಿಗುತ್ತಾರೆ. ಹೊರಗೆ ಮಳೆ ಹೊಯ್ಯುತ್ತಿರುವ ಜುಲೈ ತಿಂಗಳಲ್ಲಿ, ಶಿಬಿರಕ್ಕೆ ಒಬ್ಬರೂ ಬಾರದಿರುವಾಗ, ತೋಟ ಕಾಯುವವನ ಸಂಬಳಕ್ಕೆ ಕೊಡುವವರು ಮಾತ್ರ ಸುಲಭವಾಗಿ ಸಿಗುವುದಿಲ್ಲ. ಕಾಡಂಚಿನ ಶಿಬಿರಗಳು ಬೀಗ ಹಾಕಿಕೊಳ್ಳುವುದು ಭಕ್ತಿ ಕಡಿಮೆಯಾಗಿ ಅಲ್ಲ, ಈ ಸಂಬಳ ಹುಟ್ಟದೆ. ಹಾಗಾಗಿ ದಾನಪತ್ರ, ನಕ್ಷೆ, ಪ್ರಾರ್ಥನಾ ಮಂದಿರ ಎಲ್ಲವನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು ಮೊದಲು ಒಂದು ಲೆಕ್ಕ ಹಾಕೋಣ.

ನಲವತ್ತು ಜನ ಮಲಗುವ ಜಾಗ ಅಂದುಕೊಳ್ಳಿ. ಅಲ್ಲೇ ವಾಸವಿದ್ದು ನೋಡಿಕೊಳ್ಳುವ ಒಂದು ಸಂಸಾರ, ಒಬ್ಬರು ಅಡಿಗೆಯವರು, ಕರೆಂಟು, ಪಂಪು, ರಿಪೇರಿ, ವಿಮೆ, ವಾಹನ, ಲೆಕ್ಕಪತ್ರದ ಖರ್ಚು ಎಲ್ಲ ಸೇರಿ ತಿಂಗಳಿಗೆ 90,000 ರೂಪಾಯಿ ಅಂತಿಟ್ಟುಕೊಂಡರೆ ವರ್ಷಕ್ಕೆ 10.8 ಲಕ್ಷ. ಜನ ಬರಲಿ ಬಿಡಲಿ, ಇದು ಆಗಿಯೇ ಆಗುವ ಖರ್ಚು. ಇನ್ನು ಬರುವವರೆಷ್ಟು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆಯ ಮಳೆಯಲ್ಲಿ ಮಕ್ಕಳ ಶಿಬಿರದ ಮಾತೇ ಬೇಡ. ಪರೀಕ್ಷೆ, ಕ್ರಿಸ್ಮಸ್, ಈಸ್ಟರ್‌ಗೆ ಮುಂಚಿನ ಶ್ರಮಕಾಲದ ಕೊನೆಯ ವಾರ ಕಳೆದರೆ ಇಪ್ಪತ್ತು ವಾರಾಂತ್ಯ ತುಂಬಿದರೂ ಪುಣ್ಯ. ಅವು ತಲಾ ಎರಡು ರಾತ್ರಿ, ಬೇಸಿಗೆ ರಜೆಯಲ್ಲಿ ನಾಲ್ಕು ರಾತ್ರಿಯ ಮೂರು ಶಿಬಿರ. ನಲವತ್ತು ಹಾಸಿಗೆಯೂ ತುಂಬಿದರೆ ಒಟ್ಟು 2,080 ತಂಗು. ಒಬ್ಬರ ಒಂದು ದಿನದ ಊಟ-ತಿಂಡಿ-ಕಾಫಿಗೆ 350 ರೂಪಾಯಿ ಹಿಡಿಯಿರಿ.

ಬಡವರಿಗಾಗಿ ದಿನದ ಶುಲ್ಕವನ್ನು 300 ರೂಪಾಯಿಗೆ ಇಳಿಸಬೇಕೆಂದು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಸದುದ್ದೇಶವೇ. ಆದರೆ ಊಟದ ಖರ್ಚಿಗಿಂತ ಶುಲ್ಕ ಕಡಿಮೆಯಾದರೆ, ಜನ ಹೆಚ್ಚಿದಷ್ಟೂ ನಷ್ಟ ಹೆಚ್ಚುತ್ತದೆ; ಶಿಬಿರ ಜನಪ್ರಿಯವಾದ ವರ್ಷವೇ ಖಜಾಂಚಿ ರಾಜೀನಾಮೆ ಕೊಡುತ್ತಾರೆ. ಶುಲ್ಕ 400 ಇಡಿ. ಕೊಡಲಾಗದವರಿಗೆ ಬೇರೆಯೇ ಒಂದು ಸಹಾಯನಿಧಿ ಮಾಡಿ, ಅದರಿಂದ ಶಿಬಿರದ ಖಾತೆಗೆ ಪೂರ್ತಿ 400 ಬರಲಿ. ಯಾರಿಗೆ ಸಹಾಯ ಸಿಕ್ಕಿತು ಎಂಬುದು ಸಭಾಪಾಲಕರಾದ ಅಯ್ಯನವರಿಗೂ ಖಜಾಂಚಿಗೂ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು. ಹೀಗೆ ತಲೆಗೆ 50 ರೂಪಾಯಿ ಮಿಕ್ಕರೆ ವರ್ಷಕ್ಕೆ ಒಂದು ಲಕ್ಷ ಚಿಲ್ಲರೆ. ಉಳಿದ ಸುಮಾರು 9.8 ಲಕ್ಷವೇ ನೀವು ಕಾಣಿಕೆಯಿಂದ ತುಂಬಬೇಕಾದ ಹಳ್ಳ. ತಿಂಗಳಿಗೆ 500 ರೂಪಾಯಿಯಂತೆ ಕೊಡುವ 165 ಮನೆ ಬೇಕು. ಅಷ್ಟನ್ನು ಬಡ್ಡಿಯಿಂದಲೇ ತರುತ್ತೇವೆ ಅಂದರೆ, ಶೇ 7ರ ಬಡ್ಡಿ ಸಿಕ್ಕರೂ 1.4 ಕೋಟಿಯ ಮೂಲನಿಧಿ ಬೇಕು.

ನನ್ನ ಅಂಕಿಗಳನ್ನು ಅಳಿಸಿ ನಿಮ್ಮೂರಿನ ಅಂಕಿ ತುಂಬಿಕೊಳ್ಳಿ. ಲೆಕ್ಕದ ರೀತಿ ಬದಲಾಗುವುದಿಲ್ಲ. 165 ಮನೆ ನಿಮ್ಮ ಒಂದು ಸಭೆಯಲ್ಲಿ ಇಲ್ಲ ಅಂತಾದರೆ ಶಿವಮೊಗ್ಗ, ಭದ್ರಾವತಿ, ಚಿಕ್ಕಮಗಳೂರಿನ ಇತರ ಸಭೆಗಳನ್ನು ಮೊದಲ ದಿನದಿಂದಲೇ ಪಾಲುದಾರರನ್ನಾಗಿ ಮಾಡಿಕೊಳ್ಳಿ. ಕಟ್ಟಿ ಮುಗಿಸಿದ ಮೇಲೆ ‘ಬನ್ನಿ, ಕೊಡಿ’ ಎಂದರೆ ಅದು ನಿಮ್ಮ ಸಭೆಯ ಜಾಗವಾಗಿಯೇ ಅವರಿಗೆ ಕಾಣುತ್ತದೆ. ಸಭೆಯ ಸುಗ್ಗಿಹಬ್ಬದ ಹರಾಜಿನಲ್ಲಿ ಕಾಣಿಕೆಯಾಗಿ ಬಂದ ಬಾಳೆಗೊನೆ, ಕುಂಬಳಕಾಯಿ ನಾಲ್ಕು ಪಟ್ಟು ಬೆಲೆಗೆ ಹೋಗುವುದನ್ನು ನೋಡಿ ಕಮಿಟಿಯವರಿಗೆ ಹುರುಪು ಬರುತ್ತದೆ. ಆ ಹಣವನ್ನು ಹೆಂಚು, ಹಾಸಿಗೆ, ಪಂಪಿನಂಥ ಒಂದೇ ಸಲದ ಖರ್ಚಿಗೆ ಇಡಿ. ಸಂಬಳ ಮಾತ್ರ ಮನೆಮನೆಯಿಂದ ತಿಂಗಳಿಗೊಮ್ಮೆ ಬರುವ ಕಾಣಿಕೆಯ ಲಕೋಟೆಯಿಂದಲೇ ಬರಬೇಕು.

ಈಗ ಜಮೀನು. ಆ ಹಿರಿಯರ ಮನಸ್ಸು ದೊಡ್ಡದು; ಅವರ ಪಹಣಿ ಹೇಗಿದೆ ಎಂಬುದು ಬೇರೆ ಪ್ರಶ್ನೆ. ಮಲೆನಾಡಿನಲ್ಲಿ ಐದು ಎಕರೆ ತೋಟ ಎಂದು ಎಲ್ಲರೂ ಕರೆಯುವ ಜಾಗದಲ್ಲಿ ಎರಡು ಎಕರೆ ಹಿಡುವಳಿ, ಉಳಿದದ್ದು ಒತ್ತುವರಿ ಇರುವುದು ಹೊಸದೇನಲ್ಲ. ಸರ್ವೆ ಮಾಡಿಸಿ, ಪೋಡಿ (ಹಿಡುವಳಿಯನ್ನು ಅಳೆದು ಬೇರೆ ನಂಬರು ಕೊಡುವುದು) ಆಗಿದೆಯೇ ನೋಡಿ. ಜಮೀನು ಮೂಲದಲ್ಲಿ ಸರ್ಕಾರದಿಂದ ಮಂಜೂರಾದದ್ದೋ ಎಂದು ಹಳೆಯ ಕಡತ ತೆಗೆಸಿ. ಮಂಜೂರಾದ ಜಮೀನಿಗೆ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾಗಿ ಆಮೇಲೆ ಕೈಬದಲಾದ ಜಮೀನಾದರೆ ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿಯಿಲ್ಲದೆ ನಡೆದ ಹಳೆಯ ವರ್ಗಾವಣೆ ರದ್ದಾದರೆ ನಿಮ್ಮ ದಾನಪತ್ರವೂ ಜೊತೆಗೇ ಹೋಗುತ್ತದೆ. ಯಾರದೋ ಬಡ ಕುಟುಂಬದ ಹಕ್ಕಿನ ಮೇಲೆ ಪ್ರಾರ್ಥನಾ ಮಂದಿರ ಎಬ್ಬಿಸುವುದಂತೂ ಬೇಡ. ಅರಣ್ಯದ ಗಡಿ, ಡೀಮ್ಡ್ ಫಾರೆಸ್ಟ್ (ಅರಣ್ಯವೆಂದೇ ಪರಿಗಣಿಸಲಾದ ಜಾಗ) ಪಟ್ಟಿ, ಭದ್ರಾ ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ — ಈ ಮೂರರ ಬಗ್ಗೆಯೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಬಾಯಿಮಾತಿಗೆ ಬೆಲೆಯಿಲ್ಲ.

ಟ್ರಸ್ಟು, ಸೊಸೈಟಿಗಳು ಕೃಷಿ ಜಮೀನು ಹೊಂದುವುದಕ್ಕೆ ಭೂಸುಧಾರಣಾ ಕಾಯ್ದೆಯ 79ಬಿ ಕಲಂ ಬಹುಕಾಲ ಅಡ್ಡಿಯಾಗಿತ್ತು. 2020ರ ತಿದ್ದುಪಡಿ ಅದನ್ನು ತೆಗೆಯಿತು. ಆದರೂ ಶಿಬಿರದ ಕಟ್ಟಡ ಕೃಷಿಯೇತರ ಬಳಕೆಯೇ, ಭೂಪರಿವರ್ತನೆ ಬೇಕು. ಐದೂ ಎಕರೆಗೆ ಪರಿವರ್ತನೆ ಮಾಡಿಸುವ ಹುಮ್ಮಸ್ಸು ಬೇಡ. ಮನೆಯ ಸುತ್ತ ಬೇಕಾದಷ್ಟಕ್ಕೆ ಮಾಡಿಸಿ, ಉಳಿದದ್ದು ತೋಟವಾಗಿಯೇ ಇರಲಿ. ಕಾಫಿ, ಮೆಣಸು ಕೈಹಿಡಿದ ವರ್ಷ ಅದು ದೇವರ ದಯೆ ಎಂದುಕೊಳ್ಳಿ, ಬಜೆಟ್ಟಿನಲ್ಲಿ ಬರೆದುಕೊಳ್ಳಬೇಡಿ. ತೋಟ ತೋಟವಾಗಿ ಉಳಿದರೆ ಅದರ ನೆರಳೂ ಉಳಿಯುತ್ತದೆ. ಶಿಬಿರಕ್ಕೆ ಬರುವವರು ಬರುವುದೇ ಆ ನೆರಳಿಗಾಗಿ.

ಕುಟುಂಬದೊಳಗಿನ ದಾನಪತ್ರಕ್ಕಿರುವ ಮುದ್ರಾಂಕ ಶುಲ್ಕದ ರಿಯಾಯಿತಿ ಟ್ರಸ್ಟಿಗೆ ಸಿಗುವುದಿಲ್ಲ, ಆ ಖರ್ಚನ್ನು ಮೊದಲೇ ಎಣಿಸಿಟ್ಟುಕೊಳ್ಳಿ. ಹಿರಿಯರು ಈಗ ದಾನಪತ್ರದ ಬದಲು ಉಯಿಲು ಬರೆಯುತ್ತೇನೆ ಎಂದರೂ ಆಗುತ್ತದೆ. ಕ್ರೈಸ್ತರು ಧರ್ಮಕಾರ್ಯಕ್ಕೆ ಉಯಿಲು ಬರೆಯುವುದಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಂ ಕಟ್ಟುಪಾಡು ಹಾಕಿತ್ತು. ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ರದ್ದುಮಾಡಿದೆ. ಯಾವ ದಾರಿ ಹಿಡಿದರೂ ಅವರ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿ. ಕಾನೂನಿನ ಪ್ರಕಾರ ಅವರ ಒಪ್ಪಿಗೆ ಬೇಕಿಲ್ಲದಿರಬಹುದು. ಆದರೆ ಅಪ್ಪ ತೀರಿಕೊಂಡ ಮರುವರ್ಷ ಕೋರ್ಟಿನ ನೋಟಿಸು ಬಂದರೆ ಶಿಬಿರದ ಹೆಸರು ಹೋದಂತೆಯೇ.

ಅಮೆರಿಕದ ಹಣದ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಮೊದಲು ಕೇಳಬೇಕಾದದ್ದು ಅವರು ಎಲ್ಲಿದ್ದಾರೆ ಎಂದಲ್ಲ, ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು. ದುಬೈ, ಕುವೈತಿನಲ್ಲಿ ದುಡಿಯುವ ಮಂಗಳೂರಿನವರ ಕೈಯಲ್ಲಿ ಸಾಮಾನ್ಯವಾಗಿ ಭಾರತದ ಪಾಸ್‌ಪೋರ್ಟೇ ಇರುತ್ತದೆ. ಅಂಥ ಭಾರತೀಯ ಪ್ರಜೆ ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ಇಸಿದುಕೊಂಡು ಕಡತದಲ್ಲಿಡಿ. ಅಮೆರಿಕದ ಪೌರತ್ವ ಪಡೆದವರು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಹೊಂದಿದ್ದರೂ, ನಿಮ್ಮ ಸ್ವಂತ ಅಣ್ಣನೇ ಆಗಿದ್ದರೂ, ಕಾಯ್ದೆಯ ಕಣ್ಣಿಗೆ ವಿದೇಶಿ ಮೂಲ. ಅವರಿಂದ ಒಂದು ರೂಪಾಯಿ ಪಡೆಯುವುದಕ್ಕೂ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಸ್ಥೆ ಹುಟ್ಟಿ ಮೂರು ವರ್ಷವಾಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಿಮ್ಮ ಟ್ರಸ್ಟು ಇನ್ನೂ ಹುಟ್ಟಿಯೇ ಇಲ್ಲ. ಹೀಗಾಗಿ ಮೊದಲ ಕೆಲವು ವರ್ಷದ ಯೋಜನೆಯಲ್ಲಿ ಡಾಲರ್ ಇಲ್ಲ ಎಂದೇ ಬರೆದುಕೊಳ್ಳಿ.

‘ಎಫ್‌ಸಿಆರ್‌ಎ ಇರುವ ಬೇರೊಂದು ಸಂಸ್ಥೆಯ ಖಾತೆಗೆ ತರಿಸಿ, ಅಲ್ಲಿಂದ ನಮಗೆ ತಿರುಗಿಸಿಕೊಳ್ಳೋಣ’ ಎಂಬ ಸಲಹೆ ಕಮಿಟಿಯಲ್ಲಿ ಬಂದೇ ಬರುತ್ತದೆ. 2020ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿದೆ. ವಿದೇಶಿ ದೇಣಿಗೆಯನ್ನು ಪಡೆದ ಸಂಸ್ಥೆ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಅದೇ ತಿದ್ದುಪಡಿಯಿಂದ ಹಣ ಮೊದಲು ಬಂದು ಬೀಳಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ, ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಹಾಗೆಂದು ಅಮೆರಿಕದವರನ್ನು ಬರಿಗೈಲಿ ಕಳಿಸಬೇಕಿಲ್ಲ. ರಜೆಗೆ ಬಂದಾಗ ಒಂದು ವಾರ ಶಿಬಿರದಲ್ಲಿ ಪಾತ್ರೆ ತೊಳೆಯಲಿ. ಹೋಗುವಾಗ ಕಾಣಿಕೆ ಡಬ್ಬಿಗೆ ಮಾತ್ರ ಏನೂ ಹಾಕದಿರಲಿ.

ಇಲ್ಲಿನ ದಾನಿಗಳು ಮೊದಲು ಕೇಳುವುದು 80ಜಿ ರಸೀದಿ ಇದೆಯೇ ಎಂದು. (2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ಸಂಖ್ಯೆಗಳು ಬದಲಾಗಿವೆ, ಜನರ ಬಾಯಲ್ಲಿ ಉಳಿದಿರುವ ಹೆಸರನ್ನೇ ಬಳಸುತ್ತಿದ್ದೇನೆ.) ಹಳೆಯ 12ಎ ನೋಂದಣಿ ಸಂಸ್ಥೆಯ ಆದಾಯಕ್ಕೆ ವಿನಾಯಿತಿ ಕೊಡುತ್ತಿತ್ತು, 80ಜಿ ದಾನಿಗೆ ಕೊಡುತ್ತಿತ್ತು. ಎರಡೂ ಒಂದೇ ಅಲ್ಲ. ಒಂದು ಧರ್ಮದವರ ಪ್ರಯೋಜನಕ್ಕೆಂದೇ ಇರುವ ಟ್ರಸ್ಟಿಗೆ, ಅಥವಾ ಆದಾಯದ ಶೇ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಖರ್ಚುಮಾಡುವ ಸಂಸ್ಥೆಗೆ 80ಜಿ ದಕ್ಕುವುದಿಲ್ಲ. ಸತ್ಯವೇದದ (ಬೈಬಲ್‌ನ) ಶಿಬಿರ, ಧ್ಯಾನಕೂಟವೇ ನಿಮ್ಮ ಕೆಲಸ ಅಂದಮೇಲೆ ಅದನ್ನು ‘ವ್ಯಕ್ತಿತ್ವ ವಿಕಸನ ತರಬೇತಿ’ ಎಂದು ಬರೆದು 80ಜಿ ಹಿಡಿಯಲು ಹೋಗಬೇಡಿ. ಕಾಗದದಲ್ಲಿ ಒಂದು, ಶಿಬಿರದಲ್ಲಿ ಇನ್ನೊಂದು ಎಂದಾದರೆ ತೆರಿಗೆಯವರಿಗಿಂತ ಮೊದಲು ನಿಮ್ಮ ಊರಿನವರೇ ಪ್ರಶ್ನೆ ಎತ್ತುತ್ತಾರೆ. ಧಾರ್ಮಿಕ ಟ್ರಸ್ಟ್ ಎಂದು ಧೈರ್ಯವಾಗಿ ಬರೆಸಿ. 500 ರೂಪಾಯಿ ಕೊಡುವ ಮನೆಯವರು ತೆರಿಗೆ ವಿನಾಯಿತಿ ನೋಡಿ ಕೊಡುವವರಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ 80ಜಿ ಹೇಗೂ ಸಿಗುವುದಿಲ್ಲ.

ಜಿಎಸ್‌ಟಿ ಬಗ್ಗೆ 2018ರ ಸೆಪ್ಟೆಂಬರಿನಲ್ಲಿ ಬಂದ ಸುತ್ತೋಲೆ ನಿಮಗೆ ಅನುಕೂಲವಾಗಿದೆ. ನೋಂದಾಯಿತ ಧಾರ್ಮಿಕ ಅಥವಾ ದತ್ತಿ ಟ್ರಸ್ಟು ಧರ್ಮ, ಅಧ್ಯಾತ್ಮ, ಯೋಗದ ಪ್ರಸಾರಕ್ಕಾಗಿ ನಡೆಸುವ ವಸತಿ ಶಿಬಿರದ ಶುಲ್ಕಕ್ಕೆ, ಊಟ-ವಸತಿ ಅದರಲ್ಲೇ ಸೇರಿದ್ದರೂ, ತೆರಿಗೆ ಇಲ್ಲ. ಆದರೆ ಮುಖ್ಯವಾಗಿ ಕೋಣೆ, ಊಟ ಒದಗಿಸಿ ಹಣ ಪಡೆದರೆ, ಅದಕ್ಕೆ ‘ದೇಣಿಗೆ’ ಎಂದು ಹೆಸರಿಟ್ಟರೂ ತೆರಿಗೆ ಲಾಗೂ. ಖಾಲಿ ವಾರಾಂತ್ಯಗಳನ್ನು ಬೆಂಗಳೂರಿನ ಪ್ರವಾಸಿಗರಿಗೆ ಹೋಂಸ್ಟೇ ಥರ ಕೊಡೋಣ ಎಂಬ ಆಲೋಚನೆ ಮೊದಲ ನಷ್ಟದ ವರ್ಷವೇ ಹುಟ್ಟುತ್ತದೆ. ಅದರಿಂದ ತೆರಿಗೆಯ ತಲೆನೋವಷ್ಟೇ ಅಲ್ಲ, ದಾನಿಯ ಮನಸ್ಸೂ ಮುರಿಯುತ್ತದೆ: ತಾನು ಕೊಟ್ಟ ಹಾಸಿಗೆಯ ಮೇಲೆ ಯಾರೋ ಪಾರ್ಟಿ ಮಾಡಿ ಹೋದರು ಎಂಬ ಸುದ್ದಿ ಒಂದು ಸಲ ಹರಡಿದರೆ ಲಕೋಟೆ ಬರುವುದು ನಿಲ್ಲುತ್ತದೆ. ಬೇರೆ ಸಭೆಗಳಿಗೆ, ಕಥೋಲಿಕರಿಗೆ, ಬೇಕಾದರೆ ಮೌನಕೂಟ ನಡೆಸುವ ಅನ್ಯಧರ್ಮೀಯರಿಗೂ ಕೊಡಿ. ಪ್ರವಾಸಿಗರಿಗೆ ಬೇಡ.

ಇನ್ನು ಕಾಡಿನ ಮಾತು. ಬೇಸಿಗೆ ರಜೆ, ಅಂದರೆ ವಿಬಿಎಸ್ (ರಜೆಯ ಸತ್ಯವೇದ ಶಾಲೆ) ಮತ್ತು ಮಕ್ಕಳ ಶಿಬಿರದ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದರ ಮೇಲೊಂದು ಬರುತ್ತವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣುಗಿನಿಂದ ಹರಡುತ್ತದೆ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಳ್ಳುತ್ತದೆ, ಚಳಿಗಾಲದಿಂದ ಮೇ ತನಕ ಅದರ ಹಾವಳಿ. ಪ್ರತಿ ಬೇಸಿಗೆ ಶಿಬಿರದ ತಾರೀಕು ಗೊತ್ತುಮಾಡುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಆ ಸಲದ ಪರಿಸ್ಥಿತಿ ಕೇಳಿ. ಸುತ್ತಮುತ್ತ ಮಂಗ ಸತ್ತ ಸುದ್ದಿಯಿದ್ದರೆ ಆ ವರ್ಷದ ಶಿಬಿರವನ್ನು ಶಿವಮೊಗ್ಗದಲ್ಲೇ ನಡೆಸಿ. ಇಲ್ಲದಿದ್ದರೂ ಮಕ್ಕಳಿಗೆ ಉದ್ದ ತೋಳಿನ ಅಂಗಿ, ಕಾಲುಚೀಲ, ಉಣುಗು ಹತ್ತದಂತೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ, ಸಂಜೆ ಬಿಸಿನೀರಿನ ಸ್ನಾನ. ತರಗೆಲೆಯ ಮೇಲೆ ಚಾಪೆ ಹಾಸಿ ಕೂರಿಸಿ ‘ಪ್ರಕೃತಿಯ ಮಡಿಲಲ್ಲಿ ಪ್ರಾರ್ಥನೆ’ ಎಂದು ಫೋಟೊ ತೆಗೆಸುವ ಚಪಲ ಬಿಡಿ. ಗುಡಿಸಿದ ಕಣವೇ ಸಾಕು.

ನನ್ನ ದೊಡ್ಡ ಭಯ ಹಾವಿನದಲ್ಲ, ಆನೆಯದೂ ಅಲ್ಲ, ನೀರಿನದು. ಭದ್ರೆ ಹತ್ತಿರವಿದ್ದಾಳೆ, ತೋಟದಲ್ಲಿ ಕೆರೆಯೂ ಇರಬಹುದು. ಪಟ್ಟಣದ ಮಕ್ಕಳಿಗೆ ಈಜು ಬಾರದು, ಬರುವ ಹುಡುಗರಿಗೆ ಹೊಳೆಯ ಸುಳಿ ಗೊತ್ತಿಲ್ಲ. ಹೊಳೆಗೆ ಇಳಿಯುವಂತಿಲ್ಲ ಎಂಬ ನಿಯಮ ಯುವಜನ ನಾಯಕರಿಗೂ ಅನ್ವಯಿಸಬೇಕು, ಕೆರೆಗೆ ಬೇಲಿ ಬೇಕು. ಆನೆ ಓಡಾಡುವ ಸೀಮೆಯಾದ್ದರಿಂದ ಕತ್ತಲಾದ ಮೇಲೆ ಅಂಗಳ ದಾಟುವುದು ಬೇಡ; ಶೌಚಾಲಯ ಮಲಗುವ ಕೋಣೆಗೆ ತಾಗಿಯೇ ಇರಲಿ. ಹಾವು ಕಚ್ಚಿದರೆ ಯಾವ ಆಸ್ಪತ್ರೆಗೆ, ಎಷ್ಟು ನಿಮಿಷದಲ್ಲಿ ತಲುಪುತ್ತೀರಿ, ಅಲ್ಲಿ ಪ್ರತಿವಿಷ ಇದೆಯೇ ಎಂದು ಮೊದಲೇ ವಿಚಾರಿಸಿ, ಗೋಡೆಗೆ ಬರೆದು ಅಂಟಿಸಿ. ಮೊಬೈಲ್ ಸಿಗ್ನಲ್ ಇಲ್ಲದ ಜಾಗವಾದರೆ ಶಿಬಿರ ನಡೆಯುವಷ್ಟು ದಿನ ಒಂದು ಜೀಪು, ಒಬ್ಬ ಡ್ರೈವರ್ ಅಲ್ಲೇ ಇರಬೇಕು.

ಕಟ್ಟಡದ ಹಣದಲ್ಲಿ ಮೊದಲ ಪಾಲು ಶೌಚಾಲಯಕ್ಕೆ, ಸೆಪ್ಟಿಕ್ ಟ್ಯಾಂಕಿಗೆ, ನೀರಿಗೆ. ಇಂಗುಗುಂಡಿ ಬಾವಿಯಿಂದ ಕನಿಷ್ಠ 18 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಗೆ ಬರಲಿ. ಇದಕ್ಕೆ ಯಾರೂ ಹೆಸರಿಟ್ಟು ದಾನ ಕೊಡುವುದಿಲ್ಲ, ಆದ್ದರಿಂದ ಸಭೆಯ ನಿಧಿಯಿಂದ ಮೊದಲೇ ಮಾಡಿ ಮುಗಿಸಿ. ಹಳೆಯ ಮನೆ ಕೆಡವುವ ಅಗತ್ಯವಿಲ್ಲ. ಮಂಗಗಳು ಹೆಂಚು ಒಡೆಯುತ್ತವೆ, ಮಳೆಗೆ ಹಾಸಿಗೆ ಬೂಷ್ಟು ಹಿಡಿಯುತ್ತದೆ, ಪ್ರತಿ ಮೇ ತಿಂಗಳು ಮಾಡು ಹತ್ತಿ ಕೈಯಾಡಿಸಬೇಕಾಗುತ್ತದೆ, ಎಲ್ಲ ನಿಜ. ಆದರೂ ಕಾಂಕ್ರೀಟಿನ ಪೆಟ್ಟಿಗೆಗಿಂತ ಅದು ತಂಪು. ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಹೂಡಿದವರು ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರೇ ತಾನೆ. ನಮ್ಮ ಸಭೆಗಳಿಗೆ ಹೆಂಚಿನ ಮೇಲೆ ಸ್ವಲ್ಪ ಅಭಿಮಾನ ಇರಬೇಕು.

ಮಕ್ಕಳ ರಕ್ಷಣೆಯಲ್ಲಿ ರಿಯಾಯಿತಿ ಇಲ್ಲ. ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಒಂಟಿಯಾಗಿ ಇರುವಂತಿಲ್ಲ. ಅದು ಅಯ್ಯನವರಾದರೂ ಸರಿ, ಮೂವತ್ತು ವರ್ಷದ ಸಂಡೆ ಸ್ಕೂಲ್ ಟೀಚರಾದರೂ ಸರಿ. ಹುಡುಗಿಯರ ಕೋಣೆಗೆ ಹೆಂಗಸರೇ ಉಸ್ತುವಾರಿ. ಏನಾದರೂ ನಡೆಯಿತೆಂಬ ದೂರು ಬಂದರೆ ಸಭಾಹಿರಿಯರ ಸಭೆ ಸೇರಿಸಿ ‘ನಮ್ಮೊಳಗೇ ತೀರ್ಮಾನ’ ಮಾಡಿಕೊಳ್ಳುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೂ 21ನೇ ಕಲಂ ಪ್ರಕಾರ ಅಪರಾಧವೇ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಬರೆಸಿ.

ಅಕ್ಕಪಕ್ಕದವರ ಬಗ್ಗೆ ಎರಡು ಮಾತು. ಮತಾಂತರದ ಗುಮಾನಿ ಎಷ್ಟು ಬೇಗ ಹಬ್ಬುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಶಿಬಿರಕ್ಕೆ ಬರುವ ಪ್ರತಿ ಮಗುವಿನ ತಂದೆತಾಯಿಯಿಂದ ಕನ್ನಡದಲ್ಲಿ ಒಪ್ಪಿಗೆ ಪತ್ರ ಪಡೆಯಿರಿ, ಸತ್ಯವೇದ ಪಾಠ ಇರುತ್ತದೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಲಿ. ಸುತ್ತಲ ತೋಟಗಳ ಕೂಲಿಕಾರರ ಲೈನ್ ಮನೆಗಳ ಮಕ್ಕಳನ್ನು ಮಿಠಾಯಿ ಕೊಟ್ಟು ಕರೆತರಬೇಡಿ. ದೀಕ್ಷಾಸ್ನಾನ ಸಭೆಯಲ್ಲಿ ಆಗಲಿ, ಶಿಬಿರದಲ್ಲಿ ಬೇಡ. ಮೈಕು ಮರದ ಮೇಲಿನಿಂದ ಇಳಿಯಲಿ. ಕೆಲಸಕ್ಕೆ, ಹಾಲಿಗೆ, ಅಕ್ಕಿಗೆ ಆ ಊರಿನವರನ್ನೇ ಹಿಡಿಯಿರಿ. ವರ್ಷಕ್ಕೊಂದು ದಿನ ಪಂಚಾಯಿತಿ ಸದಸ್ಯರನ್ನೂ ನೆರೆಯ ತೋಟದವರನ್ನೂ ಊಟಕ್ಕೆ ಕರೆದು ಎಲ್ಲ ಕೋಣೆ ತೋರಿಸಿ. ಇದರಲ್ಲಿ ಜಾಣತನಕ್ಕಿಂತ ಮರ್ಯಾದೆಯ ಪಾಲು ಹೆಚ್ಚು.

ಕೆಲಸದವರ ಖರ್ಚು ಇಳಿಸುವುದಕ್ಕೆ ಒಂದು ಹಳೆಯ ದಾರಿ ಇದೆ. ಅಮೆರಿಕದ ಮೆಥೊಡಿಸ್ಟ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್ 1930ರಲ್ಲಿ ಕುಮಾವೂಂ ಬೆಟ್ಟಗಳ ಸಾತ್‌ತಾಲ್‌ನಲ್ಲಿ, ಕೆರೆಗಳ ನಡುವಿನ ಕಾಡಿನಲ್ಲಿ, ಕ್ರೈಸ್ತ ಆಶ್ರಮ ಶುರುಮಾಡಿದರು. ಬಿಷಪ್ಪರಾಗಲಿ ವಿದ್ಯಾರ್ಥಿಯಾಗಲಿ ಅಲ್ಲಿ ಬಂದವರೆಲ್ಲ ಬಿರುದು ಬಿಟ್ಟು ಕೈಕೆಲಸಕ್ಕೆ ಇಳಿಯಬೇಕಿತ್ತು, ಶೌಚಾಲಯ ತೊಳೆಯುವ ಕೆಲಸವೂ ಅದರಲ್ಲಿ ಸೇರಿತ್ತು. ನಿಮ್ಮಲ್ಲೂ ದಿನಕ್ಕೊಂದು ಗಂಟೆ ಎಲ್ಲರೂ ಪೊರಕೆ ಹಿಡಿಯಲಿ, ತರಕಾರಿ ಹೆಚ್ಚಲಿ. ಇದರಿಂದ ಒಬ್ಬರ ಸಂಬಳ ಉಳಿಯುತ್ತದೆ. ಹಾಗೆ ಒಂದು ಗಂಟೆ ಬೆವರಿದವರಲ್ಲಿ ಎಷ್ಟೋ ಜನ ಮುಂದೆ ತಿಂಗಳ ದಾನಿಗಳಾಗುತ್ತಾರೆ. ಭಾಷಣ ಕೇಳಿ ದಾನಿಗಳಾದವರನ್ನು ನಾನು ಅಷ್ಟಾಗಿ ಕಂಡಿಲ್ಲ.

ಹಾಗಾದರೆ ಶುರು ಎಲ್ಲಿಂದ? ದಾನಪತ್ರ ಬರೆಸುವ ಮೊದಲು ಒಂದು ವರ್ಷ, ಹಿರಿಯರ ಅನುಮತಿಯಿಂದ ಆ ಹಳೆಯ ಮನೆಯಲ್ಲೇ ಇಪ್ಪತ್ತು ಜನರ ಮೂರ್ನಾಲ್ಕು ಸಣ್ಣ ಕೂಟ ನಡೆಸಿ. ಅದರಲ್ಲಿ ಒಂದಾದರೂ ಮಳೆಗಾಲದಲ್ಲಿರಲಿ, ದೊಡ್ಡವರಿಗೆ ಮಾತ್ರ. ಅದೇ ವರ್ಷ ಲಕೋಟೆ ಯೋಜನೆ ಶುರುಮಾಡಿ; ಮೂರು ತಿಂಗಳಿಗೊಮ್ಮೆ ಬಂದದ್ದು, ಖರ್ಚಾದದ್ದು, ಕೈಗೂಡದೆ ಹೋದದ್ದು ಎಲ್ಲ ಬರೆದ ಒಂದು ಪುಟದ ಪತ್ರ ಕೊಟ್ಟವರ ಮನೆಗೆ ಹೋಗಲಿ. ವರ್ಷದ ಕೊನೆಗೆ ನೂರು ಮನೆಯಾದರೂ ಬಿಡದೆ ಕೊಡುತ್ತಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಉಳಿದ ಮನೆಗಳಿಗೆ ಇತರ ಸಭೆಗಳ ಬಾಗಿಲು ತಟ್ಟಿ. ಮೂವತ್ತಕ್ಕೆ ನಿಂತರೆ ಹಿರಿಯರಿಗೆ ವಂದನೆ ಹೇಳಿ, ತೋಟ ಅವರಲ್ಲೇ ಇರಲಿ. ವರ್ಷಕ್ಕೆರಡು ಕೂಟ ಹಾಗೆಯೇ ನಡೆಯಲಿ.

ಫಲಕದ ವಿಷಯ: ಜಮೀನು ಕೊಟ್ಟ ಹಿರಿಯರ ಹೆಸರು ಒಂದು ಕಡೆ ಇರಲಿ, ಅವರು ಬೇಡ ಅನ್ನದಿದ್ದರೆ. ಕೋಣೆಗೊಂದು, ಬೆಂಚಿಗೊಂದು, ಫ್ಯಾನಿನ ರೆಕ್ಕೆಗೊಂದು ಹೆಸರು ಬೇಡ. ಫಲಕ ಹಾಕಿಸಲೇಬೇಕೆಂದು ಕಮಿಟಿ ಹಟ ಹಿಡಿದರೆ, ‘ಈ ತಿಂಗಳ ಸಂಬಳ ಇಷ್ಟು ಮನೆಗಳಿಂದ’ ಎಂದು ಸಂಖ್ಯೆ ಮಾತ್ರ ಬರೆಯುವ ಒಂದು ಕಪ್ಪು ಹಲಗೆಯನ್ನು ಊಟದ ಕೋಣೆಯಲ್ಲಿ ತೂಗುಹಾಕಿ.